ಒಂದು ಮರಿಚಿಪ್ಪು ಸಿಕ್ಕಿದ್ದರೆ

ಮೊದಲೇ ಹೇಳಿಬಿಡುತ್ತೇನೆ, ಕಪ್ಪೆಚಿಪ್ಪಿನ ಮೇಲೆ ನನಗೆ ಯಾವ ವಿಶೇಷ ಪ್ರೀತಿಯೂ ಇರಲಿಲ್ಲ. ಅದಕ್ಕೆ ಕಣ್ಣಿಲ್ಲ, ಮುಖವಿಲ್ಲ, ಕರೆದರೆ ತಿರುಗುವುದಿಲ್ಲ. ಹುಲಿಯ ಪರ, ಆನೆಯ ಪರ ವಾದಿಸುವವರಿಗೆ ಅರ್ಧ ಕೆಲಸವನ್ನು ಆ ಪ್ರಾಣಿಯ ಮುಖವೇ ಮಾಡಿಕೊಡುತ್ತದೆ. ಕಪ್ಪೆಚಿಪ್ಪಿನ ಪರ ನಿಂತವರಿಗೆ ಆ ಅನುಕೂಲವಿಲ್ಲ.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ತಯಾರಾಗುವಾಗ ನಮಗೆ ಕಲಿಸಿದ್ದು ಒಂದೇ ಪಾಠ: ಚೀಟಿಯಲ್ಲಿ ಯಾವ ಪಕ್ಷ ಬಂದರೂ ಅದು ಹುಟ್ಟಿನಿಂದ ನಿನ್ನದೇ ಎಂಬಂತೆ ವಾದಿಸು. ನನಗೆ ಅದು ಎಷ್ಟು ಒಗ್ಗಿಹೋಯಿತೆಂದರೆ ಸ್ಪರ್ಧೆಗಳು ಮುಗಿದ ಮೇಲೂ ನಿಲ್ಲಿಸಲಾಗಲಿಲ್ಲ. ಯಾರಾದರೂ “ಇವತ್ತು ಸೆಖೆ ಜಾಸ್ತಿ” ಎಂದರೆ “ಯಾವುದಕ್ಕೆ ಹೋಲಿಸಿ?” ಎಂದು ಕೇಳುವವಳು ನಾನು. ಇಂಥವಳ ಜೊತೆ ಊಟಕ್ಕೆ ಕೂರುವವರು ಕ್ರಮೇಣ ಕಡಿಮೆಯಾಗುತ್ತಾರೆ. ಗೆಳತಿಯರ ವಾಟ್ಸಾಪ್ ಗುಂಪು ಒಂದು ದಿನ ಮೌನವಾಯಿತು. ಅವರೆಲ್ಲ ನಾನಿಲ್ಲದ ಇನ್ನೊಂದು ಗುಂಪಿಗೆ ಹೋಗಿದ್ದಾರೆಂದು ತಿಳಿಯಲು ನನಗೆ ಸಾಕಷ್ಟು ಸಮಯ ಬೇಕಾಯಿತು. ಚೆನ್ನೈನ ತ್ರಿಪ್ಲಿಕೇನಿನ ನಮ್ಮ ಮನೆಯಲ್ಲಿ ಅಣ್ಣನ ಸಂಸಾರ ಬೆಳೆದು ಜಾಗ ಸಾಲದಾದಾಗ ಊರಿನ ದಕ್ಷಿಣದ ಅಂಚಿನಲ್ಲಿ ಒಂದು ಕೋಣೆಯ ಫ್ಲ್ಯಾಟ್ ಹಿಡಿದೆ. ಪ್ಯಾರೀಸ್ ಕಾರ್ನರಿನ ವಕೀಲರೊಬ್ಬರ ಕಾಗದಪತ್ರಗಳನ್ನು ಮನೆಯಲ್ಲೇ ಕೂತು ಓದಿ ಸಾರಾಂಶ ಮಾಡಿಕೊಡುವುದು ನನ್ನ ಕೆಲಸ. ಶನಿವಾರ ಟಿ. ನಗರದಲ್ಲಿ ಶಾಲಾಮಕ್ಕಳಿಗೆ ಚರ್ಚೆಯ ಪಾಠ. ಉಳಿದ ದಿನಗಳಲ್ಲಿ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಹಾಲಿನವನಿಗೆ ಹೇಳುವ ಒಂದೆರಡು ಮಾತು ಬಿಟ್ಟರೆ ದಿನವಿಡೀ ನನ್ನ ದನಿ ನನಗೇ ಕೇಳುತ್ತಿರಲಿಲ್ಲ.

ನಾನು ಮಾಮ ಎಂದು ಕರೆಯುವವರು ಸಿಕ್ಕಿದ್ದು ಲಿಫ್ಟಿನಲ್ಲಿ. ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಹಣೆಯ ಮೇಲೆ ತೆಳ್ಳನೆಯ ನಾಮ, ಕೈಯಲ್ಲಿ ತರಕಾರಿ ಚೀಲ ಹಿಡಿದ ಹಿರಿಯರೊಬ್ಬರು ನಾನು ಫೋನಿಡುವುದನ್ನೇ ಕಾಯುತ್ತಿದ್ದರು.

“ಏನಮ್ಮಾ, ಕನ್ನಡಾನಾ? ಯಾವ ಊರು?”

“ತ್ರಿಪ್ಲಿಕೇನ್.”

“ಅದು ಸರಿ. ಅದಕ್ಕೆ ಮುಂಚೆ?”

“ಅದಕ್ಕೆ ಮುಂಚೇನೂ ತ್ರಿಪ್ಲಿಕೇನೇ.”

“ಅಪ್ಪಾ, ಬಾಯಿ!” ಎಂದು ನಕ್ಕರು. “ನಮ್ದೂ ಅದೇ ಕತೆ ಕಣ್ಣಾ. ಎಷ್ಟು ತಲೆಮಾರಾಯ್ತೋ ಪೆರುಮಾಳಿಗೇ ಗೊತ್ತು.”

ಆಫೀಸಿನ ಕೆಲಸದಿಂದ ನಿವೃತ್ತರಾಗಿ ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯಾಗಿದ್ದರು. ಮನೆಯಲ್ಲಿ ಅವರೂ ಮಾಮಿಯೂ ಕನ್ನಡ. ಮಕ್ಕಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹಾಗಾಗಿ ಅವರಿಗೆ ನಾನು ಸಿಕ್ಕೆ, ನನಗೆ ಅವರು ಸಿಕ್ಕರು. ನನ್ನ ಎದುರುಮಾತಿಗೆ ಅವರು ಸಿಟ್ಟಾಗುತ್ತಿರಲಿಲ್ಲ. “ಬಂದ್ಲಪ್ಪ ಲಾಯರಮ್ಮ” ಎಂದು ತಾವೂ ಸೆಟೆದು ನಿಂತು ವಾದಕ್ಕಿಳಿಯುತ್ತಿದ್ದರು. ಬೆಳಗಿನ ನಡಿಗೆಗೆ ಜೊತೆಯಾದೆವು.

ನಡೆಯುತ್ತಿದ್ದದ್ದು ಕಟ್ಟಡದ ಹಿಂದಿನ ಕೆರೆಯ ದಂಡೆಯಲ್ಲಿ. ಕಟ್ಟಡಗಳ ನಡುವೆ ಸಿಕ್ಕಿಕೊಂಡ, ಒಂದು ಬದಿಯಲ್ಲಿ ಕಸ, ಇನ್ನೊಂದು ಬದಿಯಲ್ಲಿ ಅಂತರಗಂಗೆ ಹಬ್ಬಿದ ಸಾಮಾನ್ಯ ಕೆರೆ. ಬೇಸಿಗೆಯಲ್ಲಿ ನೀರು ಇಳಿದಾಗ, ಮಳೆಗಾಲುವೆ ಬಂದು ಸೇರುವ ಮೂಲೆಯಲ್ಲಿ ತೆಳುನೀರಿನಡಿಯ ಮರಳಿನ ಮೇಲೆ ಯಾರೋ ಬೆರಳಿನಿಂದ ಎಳೆದಂಥ ಗೆರೆಗಳು ಕಂಡವು. ಒಂದು ಗೆರೆಯ ಕೊನೆಯಲ್ಲಿ ಕೈಹಾಕಿದೆ. ಅಂಗೈಯಷ್ಟು ಉದ್ದದ, ಕಂದುಗಪ್ಪು ಬಣ್ಣದ ಚಿಪ್ಪು ಬಂತು. ಅರೆತೆರೆದಿದ್ದದ್ದು ನನ್ನ ಕೈಯಲ್ಲೇ ಮುಚ್ಚಿಕೊಂಡಿತು.

“ಜೀವ ಇದೆ” ಎಂದರು ಮಾಮ.

“ಒತ್ತಡಕ್ಕೂ ಮುಚ್ಚಿರಬಹುದು. ಅದೇ ಪುರಾವೆ ಆಗಲ್ಲ.”

“ನೀನು ಸತ್ರೂ ಡಾಕ್ಟರ್ ಹತ್ರ ಪುರಾವೆ ಕೇಳ್ತೀಯ” ಎಂದರು.

ಆ ಪುರಾವೆಯ ಬೆನ್ನುಹತ್ತಿಯೇ ಕೆರೆಗಳ ಮೃದ್ವಂಗಿಗಳನ್ನು ಅಧ್ಯಯನ ಮಾಡುವ ವಿಜ್ಞಾನಿಯೊಬ್ಬರನ್ನು ಪತ್ತೆ ಮಾಡಿ ಫೋಟೋ ಕಳಿಸಿದೆ. ಒಂದು ಭಾನುವಾರ ಆಕೆಯೇ ಬಂದರು. ಚೂಡಿದಾರವನ್ನು ಮೊಣಕಾಲಿಗೆ ಮಡಚಿ ನೀರಿಗಿಳಿದು, ಒಂದೊಂದೇ ಚಿಪ್ಪನ್ನು ಎತ್ತಿ, ಬುಡದ ಬಳಿ ಸವೆದ ಸಿಪ್ಪೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿ ಮತ್ತೆ ಅಲ್ಲಲ್ಲೇ ನೆಟ್ಟರು. ಆಕೆ ಮಾತಾಡಿದ್ದು ತಮಿಳಿನಲ್ಲಿ.

“ಎಲ್ಲ ಮುದುಕರು” ಎಂದರು. “ನಿಮ್ಮ ಅಪಾರ್ಟ್‌ಮೆಂಟ್ ಏಳುವ ಮುಂಚಿನಿಂದ ಇಲ್ಲಿರಬಹುದು. ಮರಿ ಒಂದೂ ಕಾಣಲಿಲ್ಲ.”

ಕಪ್ಪೆಚಿಪ್ಪಿನ ಬದುಕು ಎಷ್ಟು ಪರಾಧೀನ ಎಂದು ಆವತ್ತು ತಿಳಿಯಿತು. ಗಂಡು ತನ್ನ ಬೀಜವನ್ನು ನೀರಿಗೆ ಬಿಡುತ್ತದೆ, ಅಷ್ಟೇ. ಅದು ಹೆಣ್ಣನ್ನು ಮುಟ್ಟುವುದು ನೀರಿನ ದಯೆ. ಹೆಣ್ಣು ಉಸಿರಿಗೆಂದು ಎಳೆದುಕೊಂಡ ನೀರಿನಲ್ಲಿ ಅದು ಬಂದರೆ ಮೊಟ್ಟೆ ಕಟ್ಟುತ್ತದೆ. ಕಿವಿರುಗಳನ್ನೇ ತೊಟ್ಟಿಲು ಮಾಡಿಕೊಂಡು ಅದು ಮೊಟ್ಟೆಗಳನ್ನು ಸಾಕುತ್ತದೆ. ನಂತರ ಧೂಳಿನ ಕಣದಂಥ ಎಳೆಮರಿಗಳನ್ನು ಹೊರಗೆ ಬಿಡುತ್ತದೆ. ಅವು ಕೆಲವೇ ದಿನಗಳಲ್ಲಿ ಮೀನೊಂದರ ಕಿವಿರನ್ನೋ ರೆಕ್ಕೆಯನ್ನೋ ಕಚ್ಚಿ ಹಿಡಿಯಬೇಕು. ಇಲ್ಲದಿದ್ದರೆ ಸಾಯುತ್ತವೆ. ಮೀನಿನ ಮೈಯಲ್ಲೇ ಅಡಗಿ ರೂಪ ಬದಲಿಸಿಕೊಂಡು, ಪುಟ್ಟ ಚಿಪ್ಪಾಗಿ ಎಲ್ಲೋ ಉದುರುತ್ತವೆ. ಉದುರಿದ ಕಡೆ ಉಸಿರಾಡುವಂಥ ಮರಳಿದ್ದರೆ ಬದುಕು, ಕೊಳಚೆಯ ಕೆಸರಿದ್ದರೆ ಅಲ್ಲಿಗೇ ಮುಗಿಯಿತು.

“ಓಸಿ ಟಿಕೆಟ್ಟಲ್ಲಿ ಟ್ರಾವೆಲ್ ಮಾಡತ್ತೆ ಅನ್ನು” ಎಂದರು ಮಾಮ. “ನಮ್ಮ ಬಸ್ಸಲ್ಲಿ ಫುಟ್‌ಬೋರ್ಡ್ ಹುಡುಗರ ಥರ.”

ಹಾಗಾದರೆ ಇಲ್ಲೇಕೆ ಮರಿಗಳಿಲ್ಲ? ಆಕೆ ಖಚಿತವಾಗಿ ಹೇಳಲಿಲ್ಲ, ಅದಕ್ಕೇ ನನಗೆ ಆಕೆಯ ಮೇಲೆ ಗೌರವ ಹುಟ್ಟಿತು. ಹಳೆಯ ಮೀನುಗಳು ಹೋಗಿ ಯಾರೋ ತಂದುಬಿಟ್ಟ ಹೊಸ ಮೀನುಗಳು ತುಂಬಿರಬಹುದು. ಮರಳಿನ ಮೇಲೆ ಹೂಳು ಕೂತಿರಬಹುದು. ಒಳಚರಂಡಿ ನೀರೂ ಇರಬಹುದು. ಕಾರಣ ಏನಿದ್ದರೂ ಮುದಿಚಿಪ್ಪುಗಳು ಬದುಕಿರುವವರೆಗೆ ಕೆರೆಯಲ್ಲಿ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ ಎಂದರು. ವರ್ಷ ವರ್ಷವೂ ಹೆಣ್ಣುಚಿಪ್ಪು ಮರಿಗಳನ್ನು ಬಿಡುತ್ತಲೇ ಇರುತ್ತದೆ. ಹಿಡಿಯಲು ಮೀನಿರುವುದಿಲ್ಲ.

“ಇದು ಅಳಿವಿನ ಅಂಚಿನ ಜೀವಿಯಾ?” ಎಂದು ಕೇಳಿದೆ.

“ಜಗತ್ತಿನ ಪಟ್ಟಿಯಲ್ಲಿ ಅಲ್ಲ. ಬೇರೆ ಕೆರೆಗಳಲ್ಲಿ ಇದೆ. ಇದರ ಕೆಲವು ಬಂಧುಗಳ ಸ್ಥಿತಿ ಇನ್ನೂ ಕೆಟ್ಟದು.”

“ಹಾಗಿದ್ದರೆ ಈ ಕೆರೆಯದನ್ನು ಉಳಿಸಬೇಕೆಂಬುದಕ್ಕೆ ವಾದವೇನು?”

“ಒಂದೊಂದು ಕೆರೆಯಲ್ಲೂ ಹೀಗೆ ಕೇಳಿ ಕೇಳಿ ಆಮೇಲೆ ಪಟ್ಟಿಗೆ ಸೇರುತ್ತೆ” ಎಂದರು ಆಕೆ.

ಇಷ್ಟು ಓದಿದ ಮೇಲೆ ಯಾರಿಗಾದರೂ ಈ ಚಿಪ್ಪನ್ನು ಚೆನ್ನೈನ ಕನ್ನಡಕ್ಕೆ ಹೋಲಿಸುವ ಆಸೆ ಬಂದರೆ ನನ್ನ ಆಕ್ಷೇಪಣೆಯಿದೆ. ಭಾಷೆಗೆ ಕಿವಿರಿಲ್ಲ. ಚಿಪ್ಪು ಚಿಪ್ಪಾಗಿಯೇ ಇರಲಿ.

ಆ ಬೇಸಿಗೆಯಲ್ಲೇ ಕೆರೆಯ ಹೂಳೆತ್ತುವ ಕೆಲಸ ಶುರುವಾಗುವುದಿತ್ತು. ಅದು ತಪ್ಪೆಂದು ಹೇಳಲಾರೆ. ಮಳೆ ಬಂದಾಗ ನಮ್ಮ ಬೀದಿಯಲ್ಲಿ ಮೊಣಕಾಲು ನೀರು ನಿಂತದ್ದನ್ನು ನೋಡಿದ್ದೇನೆ. ಆದರೆ ಜೆಸಿಬಿ ಬಂದರೆ ಆ ಮರಳಿನ ಮೂಲೆಯೂ ಲಾರಿ ಹತ್ತುತ್ತದೆ. ವಿಜ್ಞಾನಿ ಆ ಕೆಲಸದ ಉಸ್ತುವಾರಿಯ ಎಂಜಿನಿಯರನ್ನು ಕಂಡು ಮಾತಾಡಿದರು. ಆತ ಸಭ್ಯ ಮನುಷ್ಯ. ಅಲ್ಲಿ ಮರಿಗಳಿದ್ದರೆ, ಅಂದರೆ ಚಿಪ್ಪು ಅಲ್ಲಿ ಇನ್ನೂ ಸಂತಾನ ಮಾಡುತ್ತಿದ್ದರೆ, ಆ ಮೂಲೆಯನ್ನು ಮುಟ್ಟದೆ ಬಿಡುತ್ತೇನೆ, ಬರೀ ಮುದಿಚಿಪ್ಪುಗಳಾದರೆ ಎತ್ತಿ ಬೇರೆ ಕೆರೆಗೆ ಒಯ್ಯಿರಿ ಎಂದರು. ಯಂತ್ರ ಆ ಮೂಲೆಗೆ ಬರುವ ಮುಂಚೆ ತಾವೇ ಬಂದು ನೋಡುವುದಾಗಿಯೂ ಹೇಳಿದರು. ಆ ಹೊತ್ತಿಗೆ ಆಕೆಗೆ ಬೇರೆ ಊರಿನ ಕೆಲಸವಿತ್ತು. “ಮರಿ ಹೇಗಿರುತ್ತದೆಂದು ನಿಮಗೆ ಹೇಳಿಕೊಟ್ಟಿದ್ದೇನೆ. ನಿಮ್ಮ ಮಾತನ್ನು ಅವರು ನನ್ನ ಮಾತೆಂದೇ ತೆಗೆದುಕೊಳ್ಳುತ್ತಾರೆ” ಎಂದರು.

ಒಂದೇ ಒಂದು ಮರಿಚಿಪ್ಪು ಸಿಕ್ಕರೆ ಮೂಲೆ ಉಳಿಯುತ್ತದೆ. ಸಿಗದಿದ್ದರೆ ಇಲ್ಲ.

“ಸಿಗಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದಾಗುವುದಿಲ್ಲ” ಎಂದು ಆಕೆಯೊಡನೆ ವಾದಿಸಿದ್ದೆ.

“ನಿಜ. ಅದನ್ನು ಜೆಸಿಬಿಗೆ ಹೇಳಿ” ಎಂದಿದ್ದರು.

ನಾನೂ ಮಾಮನೂ ಪ್ರತಿದಿನ ಬೆಳಿಗ್ಗೆ ಮೂಲೆಯ ಮರಳನ್ನು ಜರಡಿ ಹಿಡಿದೆವು. ಜರಡಿ ಮಾಮಿಯದು. ಅಕ್ಕಿಹಿಟ್ಟಿನ ಆ ಜರಡಿಯನ್ನು ಮಾಮ ಮೊದಲ ದಿನ ಪಂಚೆಯಲ್ಲಿ ಮುಚ್ಚಿಕೊಂಡು ತಂದಿದ್ದರು. ಎರಡನೆಯ ದಿನ ಮಾಮಿ ಬಾಲ್ಕನಿಯಿಂದಲೇ ಕೂಗಿದರು: “ಅದ್ರಲ್ಲಿ ಇನ್ಮೇಲೆ ಹಿಟ್ಟು ಜರಡಿ ಹಿಡೀತೀನಾ ನಾನು? ರಾತ್ರಿಗೆ ಆ ಚಿಪ್ಪನ್ನೇ ಬೇಯಿಸ್ಕೊಂಡು ತಿನ್ನಿ, ಇಬ್ರೂ!” ಈರುಳ್ಳಿಯನ್ನೂ ಮನೆಗೆ ತಾರದ ಮಾಮ ಕಿವಿ ಮುಚ್ಚಿಕೊಂಡರು.

ಜರಡಿಯಲ್ಲಿ ಗಾಜಿನ ಚೂರು, ಶಾಂಪೂ ಪೊಟ್ಟಣ, ಬಸವನಹುಳುವಿನ ಚಿಪ್ಪು ಉಳಿಯುತ್ತಿದ್ದವು. ಇವುಗಳ ಜೊತೆ ಕಡಲೆಬೀಜದಷ್ಟು ದೊಡ್ಡ, ಹಳದಿಮಿಶ್ರಿತ ಕಂದು ಬಣ್ಣದ ತಿಕೋನ ಚಿಪ್ಪುಗಳೂ ಬರುತ್ತಿದ್ದವು. ಮೊದಲ ಸಲ ಅದನ್ನು ಕಂಡಾಗ ಮಾಮ ಕುಣಿದೇಬಿಟ್ಟರು. ನಾನು ವಿಜ್ಞಾನಿಯಿಂದ ಕಲಿತದ್ದನ್ನು ಅವರಿಗೆ ಪಾಠ ಮಾಡಿದೆ. ಇದು ಬೇರೆ ಜಾತಿ. ಇದು ಇಷ್ಟೇ ಬೆಳೆಯುತ್ತದೆ. ಮುಟ್ಟಿದರೆ ಚಿಪ್ಪಿನ ಮೇಲೆ ಒತ್ತೊತ್ತಾದ ಏಣುಗಳು ಬೆರಳಿಗೆ ಸಿಗುತ್ತವೆ, ಚಿಪ್ಪು ದಪ್ಪ. ನಮ್ಮದರ ಮರಿ ಉದ್ದಕ್ಕಿರುತ್ತದೆ, ತೆಳ್ಳಗಿರುತ್ತದೆ, ನುಣ್ಣಗೆ ಹಸಿರಾಗಿರುತ್ತದೆ. ಈ ತಿಕೋನದ್ದಕ್ಕೆ ಮೀನಿನ ಹಂಗೂ ಇಲ್ಲ. ಮರಿಗಳನ್ನು ತನ್ನೊಳಗೇ ಬೆಳೆಸಿ ಹೊರಬಿಡುತ್ತದೆ, ಅದಕ್ಕೇ ಎಲ್ಲೆಲ್ಲೂ ಇದೆ.

“ಯಾರನ್ನೂ ನಂಬದೆ ಬದುಕೋದು. ನಿನ್ನ ಥರ” ಎಂದರು ಮಾಮ.

“ಅದು ವಾದವಲ್ಲ ಮಾಮ, ವೈಯಕ್ತಿಕ ದಾಳಿ.”

“ಸರಿ, ವಾಪಸ್ ತೊಗೊಂಡೆ” ಎಂದು ನಕ್ಕು ಜರಡಿ ಕುಲುಕಿದರು.

ಆ ಶನಿವಾರ ಟಿ. ನಗರದ ಮಕ್ಕಳಿಗೆ ಇದನ್ನೇ ವಿಷಯವಾಗಿ ಕೊಟ್ಟೆ: ಮರಿಯಿಲ್ಲದ ಜೀವಿಯನ್ನು ಉಳಿಸುವುದು ವ್ಯರ್ಥ. ವ್ಯರ್ಥ ಎನ್ನುವ ಪಕ್ಷ ಗೆದ್ದಿತು. ತೀರ್ಪು ನನ್ನದೇ, ಅವರು ನಿಜಕ್ಕೂ ಚೆನ್ನಾಗಿ ವಾದಿಸಿದ್ದರು. ಬಸ್ಸಿನಲ್ಲಿ ಮನೆಗೆ ಬರುವ ದಾರಿಯುದ್ದಕ್ಕೂ ಸೋತ ಪಕ್ಷ ಹೇಳಬಹುದಾಗಿದ್ದ ಮಾತುಗಳನ್ನು ಜೋಡಿಸುತ್ತ ಬಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ತುಟಿ ಅಲುಗುವುದನ್ನು ನೋಡಿ ಕಿಟಕಿಯತ್ತ ಸರಿದಳು.

ಎಂಜಿನಿಯರ್ ಬಂದ ಬೆಳಿಗ್ಗೆ ಯಂತ್ರ ಮೂಲೆಯಿಂದ ಕೂಗಳತೆಯಲ್ಲಿತ್ತು. ಸಂಘದ ನಾಲ್ಕಾರು ಜನರೂ ಟೀ ಲೋಟ ಹಿಡಿದು ದಂಡೆಯ ಮೇಲೆ ನಿಂತಿದ್ದರು. ನಾನು ನೀರಿನಲ್ಲಿದ್ದೆ, ಮಾಮ ಸ್ವಲ್ಪ ಆಚೆ ಜರಡಿ ಹಿಡಿದಿದ್ದರು. ನಾನು ಕೈಯಿಂದ ಬಗೆದ ಮರಳಿನಲ್ಲಿ ಎಂದಿನ ಕಸ. ಆಗ ಮಾಮ ಕೈ ಮೇಲೆತ್ತಿ ತಮಿಳಿನಲ್ಲಿ ಕೂಗಿದರು: “ಸಾರ್! ಮರಿ ಸಿಕ್ಕಿತು! ನೋಡಿ, ಮರಿ!”

ದಂಡೆಯ ಮೇಲೆ ಚಪ್ಪಾಳೆ ಎದ್ದಿತು. ಎಂಜಿನಿಯರ್ ಪ್ಯಾಂಟು ಒದ್ದೆಯಾಗುವುದನ್ನೂ ಲೆಕ್ಕಿಸದೆ ಅಂಚಿಗೆ ಬಂದು ಬಗ್ಗಿ ನೋಡಿದರು. ಮಾಮನ ಅಂಗೈ ಮೇಲೆ ಚಿಕ್ಕ ಚಿಪ್ಪು.

“ಚೆನ್ನಾಗಿದೆ ಸಾರ್. ಹಾಗಾದರೆ ಈ ಭಾಗ ಬಿಟ್ಟುಬಿಡೋಣ” ಎಂದು ನನ್ನ ಕಡೆ ತಿರುಗಿದರು. “ಮೇಡಂ, ಇದೇ ಅಲ್ಲವಾ?”

ದೂರದಿಂದಲೇ ಗೊತ್ತಾಗಿತ್ತು. ಆದರೂ ಹತ್ತಿರ ಹೋಗಿ ಕೈಗೆ ತೆಗೆದುಕೊಂಡೆ. ತಿಕೋನ. ಬೆರಳಿಗೆ ಏಣುಗಳು ಸಿಕ್ಕವು. ತಿರುಗಿಸಿದೆ. ಬೇರೆ ಏನಾದರೂ ಆಗಿರಲಿ ಎಂದು ಇನ್ನೊಮ್ಮೆ ತಿರುಗಿಸಿದೆ. ಯಾವ ಪಕ್ಷ ಬಂದರೂ ವಾದಿಸಬಲ್ಲವಳಿಗೆ ‘ಹೌದು’ ಎಂಬ ಒಂದು ಮಾತು ಎಷ್ಟರ ಕೆಲಸ? ಎಲ್ಲರೂ ನಗುಮುಖದಲ್ಲಿದ್ದರು. ಈ ಊರಿನ ಅಂಚಿಗೆ ಬಂದ ಮೇಲೆ ಒಂದು ಗುಂಪು ನನ್ನ ಜೊತೆ ಒಂದೇ ಕಾರಣಕ್ಕೆ ನಗುತ್ತಾ ನಿಂತದ್ದು ಅದೇ ಮೊದಲು.

“ಅಲ್ಲ” ಎಂದೆ. “ಇದು ಬೇರೆ ಜಾತಿ. ಇದು ಮರಿಯೂ ಅಲ್ಲ, ಪೂರ್ತಿ ಬೆಳೆದದ್ದು.”

ದಂಡೆಯ ಮೇಲೆ ಯಾರೋ “ಅಯ್ಯೋ” ಎಂದರು, ಇನ್ಯಾರೋ ಟೀ ಚೆಲ್ಲಿ ಲೋಟ ಕೊಡವಿದರು. ಎಂಜಿನಿಯರ್ ಪಾಪ, ನನಗಿಂತ ಹೆಚ್ಚು ಬೇಸರಪಟ್ಟುಕೊಂಡರು. ಈ ವಾರ ಆ ಕಡೆಯ ಕೆಲಸ ಮುಗಿಸುತ್ತೇವೆ, ಅಷ್ಟರಲ್ಲಿ ನಿಮ್ಮ ಚಿಪ್ಪುಗಳನ್ನು ಎತ್ತಿಕೊಳ್ಳಿ ಎಂದು ಹೇಳಿ ಹೋದರು. ಜನ ಚದುರಿದರು.

ಮಾಮ ಜರಡಿಯನ್ನು ನೀರಿನಲ್ಲಿ ಜಾಲಿಸಿ ಜಾಲಿಸಿ ತೊಳೆಯುತ್ತಿದ್ದರು.

“ಪರವಾಗಿಲ್ಲ ಮಾಮ. ಅವಸರದಲ್ಲಿ ಯಾರಿಗಾದರೂ ತಪ್ಪತ್ತೆ” ಎಂದೆ.

“ತಪ್ಪಲಿಲ್ಲ” ಎಂದರು, ತಲೆ ಎತ್ತದೆ. “ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಏಣು ಇದ್ರೆ ಬೇರೆ ಜಾತಿ, ನುಣ್ಣಗಿದ್ರೆ ನಮ್ದು. ನೀನೇ ತಾನೆ ದಿನಾ ಮಂತ್ರ ಹೇಳಿಕೊಟ್ಟಂಗೆ ಹೇಳಿಕೊಟ್ಟೆ.”

ಜರಡಿಯನ್ನು ಎತ್ತಿ ನೀರು ಕೊಡವಿದರು.

“ನಿನಗೋಸ್ಕರ ತಾನೆ ಮಾಡಿದ್ದು. ಯಾರಿಗೆ ಏನು ನಷ್ಟ? ಒಂದು ಮೂಲೆ. ಒಂದು ಲಾರಿ ಮಣ್ಣು ಕಡಿಮೆ ಆಗ್ತಿತ್ತು. ಅಷ್ಟೇ ತಾನೆ?”

“ಮಾಮ, ನಾಳೆ ಗೊತ್ತಿರೋರು ಯಾರಾದ್ರೂ ಬಂದು ನೋಡಿ ಸುಳ್ಳು ಅಂತ ಗೊತ್ತಾದ್ರೆ? ಇನ್ನೊಂದು ಕೆರೇಲಿ ನಿಜವಾದ ಮರಿ ತೋರಿಸಿದ್ರೂ ಯಾರೂ ನಂಬಲ್ಲ.”

“ಇನ್ನೊಂದು ಕೆರೆ ಮಾತು ಆಮೇಲೆ. ಈ ಕೆರೆ ಇವತ್ತು ಹೋಗತ್ತಲ್ಲ? ನೀನೇ ಹೇಳಿದ್ದೆ, ಸಿಗಲಿಲ್ಲ ಅಂದ್ರೆ ಇಲ್ಲ ಅಂತಲ್ಲ ಅಂತ. ಮರಿ ಇದ್ರೂ ಇರಬಹುದು. ಆಗ ನನ್ನ ಸುಳ್ಳು ಸುಳ್ಳೇ ಅಲ್ಲ. ಹೇಳು, ಲಾಯರಮ್ಮ. ಇದಕ್ಕೇನು ಉತ್ತರ?”

ಒಳ್ಳೆಯ ವಾದ. ನಾನು ತೀರ್ಪುಗಾರ್ತಿಯಾಗಿದ್ದರೆ ಅಂಕ ಕೊಡುತ್ತಿದ್ದೆ. ನನ್ನ ಬಳಿ ಇದ್ದದ್ದು ಇಷ್ಟೇ: ಗೊತ್ತಿಲ್ಲದ್ದನ್ನು ಗೊತ್ತೆಂದು ಹೇಳಲಾರೆ. ಅದನ್ನೇ ಹೇಳಿದೆ.

“ನನ್ನನ್ನ ಅಷ್ಟು ಜನರ ಮುಂದೆ ಸುಳ್ಳುಗಾರ ಮಾಡಿದೆ.”

“ಸುಳ್ಳು ಅಂತ ನಾನು ಹೇಳಲಿಲ್ಲ. ಬೇರೆ ಜಾತಿ ಅಂದೆ.”

“ಹೌದು. ಅದೇ. ನೀನು ಹೇಳೋದೆಲ್ಲ ಕರೆಕ್ಟಾಗಿರತ್ತೆ” ಎಂದರು. ಜರಡಿಯನ್ನು ಪಂಚೆಯ ಅಂಚಿನಿಂದ ಒರೆಸಿಕೊಂಡು, ನನ್ನನ್ನು ಕಾಯದೆ ದಂಡೆ ಹತ್ತಿದರು.

ಮರುದಿನ ಬೆಳಿಗ್ಗೆ ಅವರು ಬರಲಿಲ್ಲ. ಅದರ ಮರುದಿನ ಲಿಫ್ಟಿನಲ್ಲಿ ಸಿಕ್ಕರು. “ಎಪ್ಪಡಿ ಇರುಕ್ಕೀಂಗ?” ಎಂದು ತಮಿಳಿನಲ್ಲಿ ಕೇಳಿದರು. ಹೇಗಿದ್ದೀರಿ, ಅಂತ. ನಗುತ್ತಲೇ ಕೇಳಿದರು, ಆ ಮಾತಿನಲ್ಲಿ ಹೊಸದಾಗಿ ಬಾಡಿಗೆಗೆ ಬಂದವರನ್ನು ಕೇಳುವ ಮರ್ಯಾದೆಯಿತ್ತು. ನಾನು “ಚೆನ್ನಾಗಿದೀನಿ ಮಾಮ” ಎಂದೆ. ಅವರು ತಲೆಯಾಡಿಸಿ ಅಂಕಿಗಳು ಬದಲಾಗುವುದನ್ನು ನೋಡುತ್ತ ನಿಂತರು. ಅವರು ತಮಿಳಿಗೆ ಹೊರಳಿದ್ದು ಆಕಸ್ಮಿಕ ಎಂದು ಕೋಣೆಗೆ ಬಂದು ನನಗೆ ನಾನೇ ವಾದಿಸಿಕೊಂಡೆ. ಒಂದು ಉದಾಹರಣೆಯಿಂದ ತೀರ್ಮಾನಕ್ಕೆ ಬರಬಾರದು. ಆ ವಾರವೆಲ್ಲ ಉದಾಹರಣೆಗಳು ಬರುತ್ತಲೇ ಹೋದವು.

ಚಿಪ್ಪುಗಳನ್ನು ಒಬ್ಬಳೇ ಎತ್ತಿದೆ. ಕೈಯನ್ನು ಮೊಣಕೈವರೆಗೆ ಮರಳಿನಲ್ಲಿಟ್ಟು ತಡವಿದರೆ ಅವು ಒಂದರ ಪಕ್ಕ ಒಂದು ನಿಂತಿರುವುದು ತಿಳಿಯುತ್ತದೆ. ಹತ್ತಿರವೇ ಇರುತ್ತವೆ, ಆದರೂ ಒಂದಕ್ಕೊಂದು ತಾಗಿರುವುದಿಲ್ಲ. ಪ್ರತಿಯೊಂದೂ ಬರುವಾಗ ಸ್ವಲ್ಪ ಎಳೆಯುತ್ತದೆ, ನಾಲಿಗೆಯಂಥ ತನ್ನ ಕಾಲನ್ನು ಮರಳಿನಲ್ಲಿ ಊರಿರುತ್ತದೆ. ಎಳೆದು ತೆಗೆದವನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟೆ. ಯಂತ್ರದ ಡ್ರೈವರ್ ಕೆಲಸ ನಿಲ್ಲಿಸಿ ನೋಡುತ್ತಿದ್ದ. “ಪೊರಿಯಲಾ, ಕುಳಂಬಾ?” ಎಂದು ಕೇಳಿದ. ಪಲ್ಯವೋ ಸಾರೋ ಎಂದು. ನಾನು ಉತ್ತರ ಕೊಡದಿದ್ದಾಗ “ಸುಮ್ಮನೆ ಕೇಳಿದೆ ಅಕ್ಕಾ” ಎಂದ. ವಾದಕ್ಕೆ ಸಿಕ್ಕ ಅವಕಾಶವೊಂದನ್ನು ನಾನು ಬಿಟ್ಟುಕೊಟ್ಟೆ ಎಂಬುದು ಆಮೇಲೆ ಹೊಳೆಯಿತು.

ವಿಜ್ಞಾನಿ ಹಿಂತಿರುಗಿದ್ದರು. ಅವರ ಕಾರಿನಲ್ಲಿ ಊರಾಚೆಯ ಇನ್ನೊಂದು ಕೆರೆಗೆ ಹೋದೆವು. ದಾರಿಯಲ್ಲಿ ನಡೆದದ್ದನ್ನು ಹೇಳಿದೆ. ಅವರು ಸರಿ ಮಾಡಿದೆ ಎಂದೂ ಅನ್ನಲಿಲ್ಲ, ತಪ್ಪೆಂದೂ ಅನ್ನಲಿಲ್ಲ. “ನಾನಿದ್ದಿದ್ದರೆ ನಿಮಗೆ ಕಷ್ಟವಾಗುತ್ತಿರಲಿಲ್ಲ” ಎಂದಷ್ಟೇ ಹೇಳಿದರು. ಆ ಕೆರೆಯಲ್ಲಿ ಈ ಚಿಪ್ಪಿದೆ, ಮರಿಗಳೂ ಹುಟ್ಟುತ್ತಿವೆ. ಆದರೆ ನಾವು ತಂದವು ಅಲ್ಲಿ ಬದುಕುತ್ತವೆಯೇ ಎನ್ನುವುದು ಕೂಡಲೇ ತಿಳಿಯುವುದಿಲ್ಲ ಎಂದರು. ಒಂದು ಕಡ್ಡಿಯಿಂದ ಜಾಗ ಗುರುತಿಸಿ, ದುಂಡನೆಯ ತುದಿ ಮರಳೊಳಗೆ, ಉಸಿರಾಡುವ ತುದಿ ಮೇಲಕ್ಕೆ ಬರುವಂತೆ ಒಂದೊಂದನ್ನೇ ನೆಟ್ಟೆವು. ಬಹಳ ಹೊತ್ತು ಎಲ್ಲವೂ ಬಾಯಿ ಮುಚ್ಚಿಕೊಂಡೇ ಇದ್ದವು. ಆಮೇಲೆ ಒಂದು, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು, ಕೂದಲೆಳೆಯಷ್ಟು ತೆರೆದುಕೊಂಡವು.

ಆಗ ವಿಜ್ಞಾನಿ ಪಕ್ಕದ ಮರಳನ್ನು ಬೆರಳಿನಿಂದ ಕೆದಕಿ ನನ್ನ ಅಂಗೈ ಮೇಲೆ ಏನನ್ನೋ ಇಟ್ಟರು.

ಮರಿಚಿಪ್ಪು. ಹುಣಿಸೆಬೀಜಕ್ಕಿಂತ ಸ್ವಲ್ಪ ಉದ್ದ, ಎಳೆಯ ಬಾಳೆಸುಳಿಯ ಹಸಿರು. ಬಿಸಿಲಿಗೆ ಹಿಡಿದರೆ ಬೆಳಕು ಚಿಪ್ಪನ್ನು ದಾಟಿ ಬರುತ್ತಿತ್ತು. ಒಳಗೆ ಏನೋ ಕಂಡೂ ಕಾಣದಂತೆ ಅಲುಗುತ್ತಿತ್ತು. ಬೆರಳಾಡಿಸಿದೆ. ನುಣುಪು. ಏಣಿನ ಸುಳಿವೂ ಇಲ್ಲ.

ಫೋನು ತೆಗೆದು ಫೋಟೋ ಹಿಡಿದೆ, ಮಾಮನ ಹೆಸರನ್ನೂ ತೆರೆದೆ. ಇದನ್ನು ನೋಡಲು ಅವರಿಗಿಂತ ಹೆಚ್ಚಿನ ಹಕ್ಕಿರುವವರು ನನಗೆ ಗೊತ್ತಿರಲಿಲ್ಲ. ದಿನಗಟ್ಟಲೆ ಬಗ್ಗಿ ಹುಡುಕಿದವರು ಅವರು. ಚಿತ್ರದ ಕೆಳಗೆ ‘ನೋಡಿ ಮಾಮ, ಇದು’ ಎಂದು ಬರೆದೆ. ಬರೆದದ್ದನ್ನು ಅವರ ಕಣ್ಣಿನಿಂದ ಓದಿದೆ. ಮರಿ ಎಂದರೆ ಹೀಗಿರುತ್ತದೆ, ನಿಮ್ಮದು ಹೀಗಿರಲಿಲ್ಲ. ಇನ್ನೊಂದು ರೀತಿಯಲ್ಲಿ ಬರೆದು ನೋಡಿದೆ. ಅದೂ ಅದನ್ನೇ ಹೇಳಿತು.

ಕಳಿಸಲಿಲ್ಲ. ಬಗ್ಗಿ, ಮರಿಯನ್ನು ಅದು ಬಂದ ಜಾಗದಲ್ಲೇ ಇಟ್ಟು ಮರಳು ಮುಚ್ಚಿದೆ.